ಮನೆಗೆ ಒಂದೇ ರಿಮೋಟ್ ಸಾಕೇ? ಆಯ್ಕೆ ಮಾಡುವುದು ಹೇಗೆ?



ನಿಮ್ಮ ಮನೆಯ ಟಿ.ವಿ. ಮುಂದೆ ಎಷ್ಟು ರಿಮೋಟ್‌ಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಟಿ.ವಿ.ಗೆ ಒಂದು, ಸೆಟ್‌ಟಾಪ್ ಬಾಕ್ಸ್‌ಗೆ ಒಂದು, ಹೋಮ್ ಥಿಯೇಟರ್ ಇದ್ದರೆ ಅದಕ್ಕೆ ಮತ್ತೊಂದು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾದ ಕಾಲದಲ್ಲಿ ಹೆಚ್ಚಿನ ಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎದ್ದು ಹೋಗಿ ಟಿ.ವಿ.ಯ ತಿರುಗಣಿ ತಿರುಗಿಸಿದರೆ ಮುಗಿಯಿತು. ಆಮೇಲೆ ಕೇಬಲ್ ಬಂತು. ಆಗಲೂ ಚಾನೆಲ್ ಹಿಡಿಯುವ ಕೆಲಸ ಟಿ.ವಿ.ಯದೇ ಆಗಿದ್ದರಿಂದ ಒಂದು ರಿಮೋಟ್ ಸಾಕಾಗಿತ್ತು. ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಡಿಶ್ ಸೇವೆ 2004ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಕೇಬಲ್ ಪ್ರಸಾರವೂ ಹಂತಹಂತವಾಗಿ ಡಿಜಿಟಲ್ ಆಯಿತು. ಬೆಂಗಳೂರು, ಮೈಸೂರುಗಳ ಸರದಿ 2013ರಲ್ಲಿ ಬಂದರೆ, ಸಣ್ಣ ಪಟ್ಟಣ ಮತ್ತು ಹಳ್ಳಿಗಳ ಕಡೆಯ ಗಡುವು 2017ರಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಚಾನೆಲ್ ಹಿಡಿಯುವ ಕೆಲಸ ಸೆಟ್‌ಟಾಪ್ ಬಾಕ್ಸ್‌ನ ಪಾಲಾಯಿತು. ಎರಡನೆಯ ರಿಮೋಟ್ ಮನೆಗೆ ಬಂದದ್ದು ಹೀಗೆ.

ಇದು ಸಣ್ಣ ತಾಪತ್ರಯವೆಂದು ನಿಮಗೆ ಅನ್ನಿಸಬಹುದು. ಆದರೆ ಯೋಚಿಸಿ. ನೀವು ಓದಲು ಮಂಡ್ಯಕ್ಕೋ ಮೈಸೂರಿಗೋ ಹೋಗಿ ಹಾಸ್ಟೆಲ್ ಸೇರುತ್ತೀರಿ. ಊರಿನಲ್ಲಿ ಅಜ್ಜ ಅಜ್ಜಿ ಇಬ್ಬರೇ. ವಾರ್ತೆ ನೋಡಲು ಕುಳಿತ ಅಜ್ಜಿ ತಪ್ಪಿ ಇನ್ನೊಂದು ರಿಮೋಟಿನ ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ 'ನೋ ಸಿಗ್ನಲ್' ಎಂದು ಬರುತ್ತದೆ. ನೀವು ಶನಿವಾರ ಊರಿಗೆ ಬರುವವರೆಗೆ ಟಿ.ವಿ. ಮೂಕವಾಗಿಯೇ ಇರುತ್ತದೆ. ಕೆಟ್ಟದ್ದು ಯಾವ ಯಂತ್ರವೂ ಅಲ್ಲ. ಇಂಥ ಮನೆಗೆ ಎಲ್ಲ ಯಂತ್ರಗಳನ್ನೂ ನಡೆಸುವ ಒಂದೇ ರಿಮೋಟ್, ಅಂದರೆ ಯೂನಿವರ್ಸಲ್ ರಿಮೋಟ್, ದೊಡ್ಡ ಉಪಕಾರ ಮಾಡಬಲ್ಲದು. ಅಂಗಡಿಯಲ್ಲಿ ಕಂಡದ್ದನ್ನು ತಂದರೆ ಮಾತ್ರ ಮೂರು ರಿಮೋಟ್‌ಗಳ ಜೊತೆಗೆ ನಾಲ್ಕನೆಯದು ಸೇರಿಕೊಳ್ಳುತ್ತದೆ, ಅಷ್ಟೆ. ಆದ್ದರಿಂದ ಮೊದಲು ರಿಮೋಟ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯೋಣ.

ಗುಂಡಿ ಒತ್ತಿದಾಗ ಆಗುವುದೇನು?

ರಿಮೋಟಿನ ಮೂತಿಯಲ್ಲಿ ಸಣ್ಣ ದೀಪವೊಂದಿದೆ. ಅದು ಸಾಮಾನ್ಯವಾಗಿ 940 ನ್ಯಾನೋಮೀಟರ್ ತರಂಗದೂರದ ಅವಕೆಂಪು ಬೆಳಕನ್ನು ಸೂಸುತ್ತದೆ. ನಮ್ಮ ಕಣ್ಣು ಸುಮಾರು 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತದೆ. ಆದ್ದರಿಂದ ಈ ಬೆಳಕು ನಮಗೆ ಕಾಣುವುದಿಲ್ಲ. ಮೊಬೈಲ್ ಕ್ಯಾಮೆರಾಕ್ಕೆ, ಅದರಲ್ಲೂ ಮುಂಭಾಗದ ಕ್ಯಾಮೆರಾಕ್ಕೆ, ಅನೇಕ ವೇಳೆ ಕಾಣುತ್ತದೆ. ರಿಮೋಟನ್ನು ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿ. ನೇರಳೆ ಛಾಯೆಯ ಮಿನುಗು ಕಂಡರೆ ರಿಮೋಟ್ ಬೆಳಕು ಸೂಸುತ್ತಿದೆ ಎಂದು ತಿಳಿಯಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಿಸಿಲಿನಲ್ಲೂ ಅವಕೆಂಪು ಕಿರಣಗಳಿವೆ. ಮನೆಯ ದೀಪಗಳೂ ಅಷ್ಟಿಷ್ಟು ಸೂಸುತ್ತವೆ. ಹಾಗಿರುವಾಗ ಟಿ.ವಿ. ಗೊಂದಲಕ್ಕೆ ಬೀಳುವುದಿಲ್ಲವೇಕೆ? ರಿಮೋಟಿನ ದೀಪ ಸುಮ್ಮನೆ ಉರಿಯುವುದಿಲ್ಲ. ಹೆಚ್ಚಿನ ರಿಮೋಟ್‌ಗಳಲ್ಲಿ ಅದು ಸೆಕೆಂಡಿಗೆ 38,000 ಸಲ ಮಿನುಗುತ್ತದೆ. ಬಿಸಿಲು ಮಿನುಗುವುದಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಟಿ.ವಿ.ಯೊಳಗಿನ ಗ್ರಾಹಕವು ಸುಮಾರು 38,000ದ ಮಿನುಗನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಜಾತ್ರೆಯ ಗದ್ದಲದಲ್ಲೂ ನಿಮ್ಮ ಅಮ್ಮ ಕೂಗಿದ ಹೆಸರು ನಿಮಗೆ ಕೇಳುತ್ತದಲ್ಲ, ಹಾಗೆ. ಎಲೆಕ್ಟ್ರಾನಿಕ್ಸ್ ಓದುವವರು ಕಾಲೇಜಿನ ಪ್ರಯೋಗಗಳಲ್ಲಿ ಬಳಸುವ ಟಿಎಸ್‌ಒಪಿ 1738 ಎಂಬ ಮೂರು ಕಾಲಿನ ಬಿಡಿಭಾಗ ಇಂಥದೇ ಗ್ರಾಹಕ. ಹೆಸರಿನ ಕೊನೆಯ 38 ಸೂಚಿಸುವುದು ಇದೇ 38 ಕಿಲೋಹರ್ಟ್ಸನ್ನು.

ಬೆಳಕು ಒಂದೇ, ಭಾಷೆ ಹಲವು

ಈ ಮಿನುಗನ್ನು ತಡೆತಡೆದು ಕಳಿಸಿದಾಗ ಅದು ಸಂಕೇತವಾಗುತ್ತದೆ. ಬಹಳ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು 9 ಮಿಲಿಸೆಕೆಂಡುಗಳ ಮಿನುಗು, ಆಮೇಲೆ 4.5 ಮಿಲಿಸೆಕೆಂಡುಗಳ ಮೌನ. 'ಗಮನವಿಡು' ಎಂದು ಇದರ ಅರ್ಥ. ಅನಂತರ ಸೊನ್ನೆ ಒಂದುಗಳ 32 ಅಂಕಿಗಳು ಬರುತ್ತವೆ. ಎಂಟು ಅಂಕಿಗಳು ಯಂತ್ರದ ವಿಳಾಸ. ಎಂಟು ಅಂಕಿಗಳು ಆಜ್ಞೆ. ಉಳಿದ ಹದಿನಾರು ಇವೆರಡನ್ನೂ ತಿರುವುಮುರುವಾಗಿ ಮತ್ತೆ ಹೇಳುತ್ತವೆ. ಎರಡು ಸಲ ಹೇಳಿದ್ದು ತಾಳೆಯಾದರೆ ಮಾತ್ರ ಟಿ.ವಿ. ಆಜ್ಞೆಯನ್ನು ಪಾಲಿಸುತ್ತದೆ. ಎಂಟು ಅಂಕಿಗಳಿಂದ 256 ಬೇರೆ ಬೇರೆ ಸಂಕೇತಗಳನ್ನು ರಚಿಸಬಹುದೆಂದು ಗಣಿತದಲ್ಲಿ ನೀವು ಕಲಿತಿರುತ್ತೀರಿ.

ಎಲ್ಲ ಕಂಪನಿಗಳೂ ಈ ಪದ್ಧತಿಯನ್ನೇ ಅನುಸರಿಸುವುದಿಲ್ಲ. ಫಿಲಿಪ್ಸ್ ಕಂಪನಿಯ ಆರ್‌ಸಿ 5 ಪದ್ಧತಿ 36 ಕಿಲೋಹರ್ಟ್ಸ್‌ನಲ್ಲಿ 14 ಅಂಕಿಗಳನ್ನು ಕಳಿಸುತ್ತದೆ. ಸೋನಿಯದು 40 ಕಿಲೋಹರ್ಟ್ಸ್. ಒಂದು ಯಂತ್ರದ ರಿಮೋಟಿಗೆ ಇನ್ನೊಂದು ಯಂತ್ರ ಓಗೊಡದಿರುವುದು ಈ ಕಾರಣದಿಂದಲೇ. ಯೂನಿವರ್ಸಲ್ ರಿಮೋಟ್ ಎಂದರೆ ಹಲವು ಭಾಷೆ ಬಲ್ಲ ದುಭಾಷಿ ಎಂದು ತಿಳಿಯಿರಿ.

ಈ ಭಾಷೆಗಳು ಬರುವ ಮೊದಲು ಬೇರೆ ಉಪಾಯಗಳೂ ನಡೆದವು. ಅಮೆರಿಕದ ಜೆನಿತ್ ಕಂಪನಿಯಲ್ಲಿ 1955ರಲ್ಲಿ ಯೂಜೀನ್ ಪಾಲಿ ರೂಪಿಸಿದ ಫ್ಲ್ಯಾಶ್‌ಮ್ಯಾಟಿಕ್, ಟಾರ್ಚಿನಂತೆ ಕಾಣುವ ಬೆಳಕನ್ನೇ ಬಳಸುತ್ತಿತ್ತು. ಕೋಣೆಗೆ ಬಿಸಿಲು ಬಿದ್ದರೆ ಟಿ.ವಿ. ತಾನೇ ಚಾನೆಲ್ ಬದಲಿಸಿಬಿಡುವ ಪೇಚು ಅದರದು. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ನಮ್ಮ ಕಿವಿಗೆ ಕೇಳದ ಶ್ರವಣಾತೀತ ಧ್ವನಿಯನ್ನು ಬಳಸಿದರು. ಬಿಸಿಲು ಒಡ್ಡಿದ ಆ ತೊಡಕಿಗೆ ಇಂದಿನ ಉತ್ತರವೇ 38,000ದ ಮಿನುಗು.

ನಾಲ್ಕು ಬಗೆಯ ರಿಮೋಟ್‌ಗಳು

ಮೊದಲನೆಯದು, ಸಂಕೇತಗಳನ್ನು ಮೊದಲೇ ತುಂಬಿಟ್ಟ ರಿಮೋಟ್. ಜೊತೆಗೆ ಬರುವ ಪಟ್ಟಿಯಲ್ಲಿ ನಿಮ್ಮ ಟಿ.ವಿ.ಯ ಹೆಸರು ಹುಡುಕಿ ಅದರ ಅಂಕಿಗಳನ್ನು ಒತ್ತಬೇಕು. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಇದು ನಿಷ್ಪ್ರಯೋಜಕ.

ಎರಡನೆಯದು, ಕಲಿಯುವ ರಿಮೋಟ್. ಹಳೆಯ ರಿಮೋಟನ್ನು ಇದಕ್ಕೆ ಮೂತಿಗೆ ಮೂತಿ ಕೊಟ್ಟು ಎರಡು ಮೂರು ಅಂಗುಲ ದೂರದಲ್ಲಿಟ್ಟು, ಒಂದೊಂದೇ ಗುಂಡಿಯನ್ನು ಒತ್ತಿ ಕಲಿಸಬೇಕು. ಇದಕ್ಕೆ ಕಂಪನಿಯ ಹೆಸರು ಬೇಕಿಲ್ಲ. ಆದರೆ ಕಲಿಸುವ ಗುರು, ಅಂದರೆ ಹಳೆಯ ರಿಮೋಟ್, ಜೀವಂತವಾಗಿರಬೇಕು!

ಮೂರನೆಯದು, ಅವಕೆಂಪು ದೀಪವಿರುವ ಮೊಬೈಲ್ ಫೋನು. ಶಿಯೋಮಿಯ ಹಲವು ಫೋನುಗಳಲ್ಲಿ ಇದಿದೆ. ಖರ್ಚಿಲ್ಲ. ಆದರೆ ಫೋನು ನಿಮ್ಮ ಜೇಬಿನಲ್ಲಿ ಹಾಸ್ಟೆಲ್‌ಗೆ ಹೊರಟರೆ ಮನೆಯ ರಿಮೋಟೂ ಹೊರಟಂತೆ.

ನಾಲ್ಕನೆಯದು, ವೈಫೈ ಮೂಲಕ ಆಜ್ಞೆ ಪಡೆದು ಅವಕೆಂಪು ಬೆಳಕು ಬೀರುವ ಪೆಟ್ಟಿಗೆ. ವೈಫೈ ನಿಂತರೆ ಇದು ಕೈಕಟ್ಟಿ ಕೂರಬಹುದು. ಕಂಪನಿಯ ನೆರವನ್ನೇ ನೆಚ್ಚಿರುವ ಸಾಧನಗಳಿಗೆ ಇನ್ನೊಂದು ಅಪಾಯವೂ ಉಂಟು. ಹೆಸರಾಂತ ಹಾರ್ಮನಿ ಯೂನಿವರ್ಸಲ್ ರಿಮೋಟ್‌ಗಳ ತಯಾರಿಕೆಯನ್ನು ಲಾಜಿಟೆಕ್ ಕಂಪನಿ 2021ರಲ್ಲಿ ನಿಲ್ಲಿಸಿಬಿಟ್ಟಿತು.

ನಾಲ್ಕು ತಾಲ್ಲೂಕು, ನಾಲ್ಕು ಮನೆ

ಈಗ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಮನೆಗಳನ್ನು ಕಲ್ಪಿಸಿಕೊಳ್ಳೋಣ. ನಿಮ್ಮ ಮನೆ ಯಾವುದಕ್ಕೆ ಹೋಲುತ್ತದೆ, ನೋಡಿ.

ಶ್ರೀರಂಗಪಟ್ಟಣದ ಗಂಜಾಂನ ಮನೆಯಲ್ಲಿ ಹೆಸರುವಾಸಿ ಕಂಪನಿಯ ಟಿ.ವಿ. ಇದೆ. ಅದಕ್ಕೆ ಎಚ್‌ಡಿಎಂಐ ತಂತಿಯಿಂದ ಸೌಂಡ್‌ಬಾರ್ ಜೋಡಿಸಿದ್ದಾರೆ. ಈ ಮನೆಯವರು ಏನನ್ನೂ ಕೊಳ್ಳಬೇಕಾಗಿಲ್ಲ! ಎಚ್‌ಡಿಎಂಐ ತಂತಿಯೊಳಗೇ ಸಿಇಸಿ ಎಂಬ ಆಜ್ಞೆಯ ದಾರಿಯೊಂದಿದೆ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ ಕರೆಯುತ್ತವೆ. ಸೌಂಡ್‌ಬಾರಿಗೂ ಈ ಸೌಲಭ್ಯವಿದ್ದರೆ, ತಂತಿಯನ್ನು ಎಆರ್‌ಸಿ ಎಂದು ಬರೆದ ಕಿಂಡಿಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಸಿಇಸಿಯನ್ನು ಚಾಲೂ ಮಾಡಿ. ಆಗ ಟಿ.ವಿ. ರಿಮೋಟಿನಿಂದಲೇ ಸೌಂಡ್‌ಬಾರಿನ ಧ್ವನಿ ಏರಿಳಿಯುತ್ತದೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಅವರಲ್ಲಿರುವುದು ಟಿ.ವಿ. ಮತ್ತು ಡಿಶ್‌ನ ಸೆಟ್‌ಟಾಪ್ ಬಾಕ್ಸ್ ಮಾತ್ರ. ಕೆಲವು ಸೆಟ್‌ಟಾಪ್ ಬಾಕ್ಸ್‌ಗಳ ರಿಮೋಟಿನಲ್ಲಿ ಟಿ.ವಿ. ಎಂದು ಗುರುತು ಮಾಡಿದ ನಾಲ್ಕಾರು ಗುಂಡಿಗಳಿರುತ್ತವೆ. ಇವು ಕಲಿಯಬಲ್ಲ ಗುಂಡಿಗಳು. ಟಿ.ವಿ.ಯ ಆನ್ ಆಫ್, ಧ್ವನಿಯ ಹೆಚ್ಚು ಕಡಿಮೆ ಇಷ್ಟನ್ನು ಕಲಿಸಿದರೆ ಒಂದೇ ರಿಮೋಟಿನಲ್ಲಿ ಅವರ ದಿನ ಸಾಗುತ್ತದೆ. ವಿಧಾನ ಬಾಕ್ಸ್‌ನ ಕೈಪಿಡಿಯಲ್ಲಿರುತ್ತದೆ. ಟಿ.ವಿ.ಯ ಮೂಲ ರಿಮೋಟನ್ನು ಸೆಲ್ ತೆಗೆದು ಬೀರುವಿನಲ್ಲಿಡಿ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಮನೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ, ಬಿಡಿಭಾಗ ಜೋಡಿಸಿ ಮಾಡಿದ 5.1 ಆಂಪ್ಲಿಫೈಯರ್ ಇದೆ. ಐದು ಸ್ಪೀಕರು, ಒಂದು ಸಬ್‌ವೂಫರ್. ಅದರ ಪುಟಾಣಿ ರಿಮೋಟಿನ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಸಂಕೇತಗಳ ಪಟ್ಟಿಯಲ್ಲಿ ಇಂಥದನ್ನು ಹುಡುಕುವುದು ವ್ಯರ್ಥ ಶ್ರಮ. ಇವರಿಗೆ ಬೇಕಾದದ್ದು ಕಲಿಯುವ ರಿಮೋಟ್. ಅದನ್ನೂ ಇಂದೇ ಕೊಳ್ಳಬೇಕು. ಪುಟಾಣಿ ರಿಮೋಟ್ ಕಳೆದುಹೋದ ಮೇಲೆ ಕೊಂಡರೆ ಕಲಿಸುವವರು ಯಾರು?

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆಯಲ್ಲಿ ಟಿ.ವಿ.ಯ ಹಿಂದೆ ಇಂಟರ್‌ನೆಟ್ ಮೂಲಕ ಸಿನಿಮಾ ತೋರಿಸುವ ಸ್ಟಿಕ್ ಸಿಕ್ಕಿಸಿದ್ದಾರೆ. ಯೂನಿವರ್ಸಲ್ ರಿಮೋಟ್ ತಂದರೂ ಸ್ಟಿಕ್ ಅಲುಗಲಿಲ್ಲ. ಏಕೆ? ಸ್ಟಿಕ್‌ನ ರಿಮೋಟ್ ಮಾತನಾಡುವುದು ಬ್ಲೂಟೂತ್ ಎಂಬ ರೇಡಿಯೋ ತರಂಗದಲ್ಲಿ. ಅವಕೆಂಪು ಬೆಳಕನ್ನು ಕಾಣುವ ಕಣ್ಣೇ ಸ್ಟಿಕ್‌ಗೆ ಇಲ್ಲ. ಇಲ್ಲಿ ದಾರಿಯನ್ನು ತಿರುಗಿಸಿ ನೋಡಬೇಕು. ಇಂಥ ಹಲವು ಸ್ಟಿಕ್‌ಗಳ ರಿಮೋಟಿನಲ್ಲಿ ಟಿ.ವಿ. ಮತ್ತು ಸೌಂಡ್‌ಬಾರಿಗಾಗಿ ಅವಕೆಂಪು ದೀಪವೂ ಇರುತ್ತದೆ. ಸ್ಟಿಕ್‌ನ ರಿಮೋಟನ್ನೇ ಮನೆಯ ಯಜಮಾನನನ್ನಾಗಿ ಮಾಡಿಬಿಡಿ.

ಕರೆಂಟ್ ಹೋಗಿ ಬಂದಾಗ

ಒಂದೇ ಗುಂಡಿ ಒತ್ತಿದರೆ ಮೂರು ಯಂತ್ರಗಳೂ ಸಾಲಾಗಿ ಆನ್ ಆಗುವ ರಿಮೋಟ್‌ಗಳಿವೆ. ಕೇಳಲು ಚೆಂದ. ಆದರೆ ಬಹುಪಾಲು ಯಂತ್ರಗಳಲ್ಲಿ ಆನ್ ಆಗಲು, ಆಫ್ ಆಗಲು ಇರುವುದು ಒಂದೇ ಸಂಕೇತ. ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್. ಕರೆಂಟ್ ಹೋಗಿ ಬಂದಾಗ ಟಿ.ವಿ. ಆಫ್ ಆಗಿ ನಿಂತು, ಆಂಪ್ಲಿಫೈಯರ್ ತಾನೇ ಆನ್ ಆಯಿತು ಎಂದಿಟ್ಟುಕೊಳ್ಳಿ. ಈಗ ಆ ಒಂದು ಗುಂಡಿ ಒತ್ತಿದರೆ ಟಿ.ವಿ. ಬರುತ್ತದೆ, ಧ್ವನಿ ಹೋಗುತ್ತದೆ. ಮತ್ತೆ ಒತ್ತಿದರೆ ಧ್ವನಿ ಬರುತ್ತದೆ, ಟಿ.ವಿ. ಹೋಗುತ್ತದೆ! ನಮ್ಮ ಊರುಗಳಲ್ಲಿ ಈ ಆಟ ಮೇಲಿಂದ ಮೇಲೆ ನಡೆಯಬಹುದು. ಆದ್ದರಿಂದ ಪ್ರತಿ ಯಂತ್ರಕ್ಕೂ ಬೇರೆ ಬೇರೆ ಆನ್ ಗುಂಡಿ ಇರುವ ಸರಳ ರಿಮೋಟೇ ಮೇಲು.

ಕೊಳ್ಳುವ ಮುನ್ನ

ಒಂದು ಹಾಳೆಯಲ್ಲಿ ಯಂತ್ರಗಳ ಹೆಸರು, ಹಿಂಭಾಗದಲ್ಲಿ ಬರೆದಿರುವ ಮಾಡೆಲ್ ಸಂಖ್ಯೆಗಳನ್ನು ಬರೆದುಕೊಳ್ಳಿ. ಮನೆಯವರು ದಿನವೂ ಒತ್ತುವ ಗುಂಡಿಗಳು ಯಾವುವು ಎಂದು ಎರಡು ದಿನ ಗಮನಿಸಿ. ಸಾಮಾನ್ಯವಾಗಿ ಅವು ಇಪ್ಪತ್ತನ್ನು ದಾಟುವುದಿಲ್ಲ. ಐವತ್ತು ಗುಂಡಿಯ ರಿಮೋಟ್ ನಿಮಗೆ ಹೆಮ್ಮೆ ತರಬಹುದು, ಅಜ್ಜಿಗೆ ತೊಂದರೆ ತರುತ್ತದೆ. ಅಕ್ಷರ ದಪ್ಪವಾಗಿರಲಿ, ಗುಂಡಿಗಳ ನಡುವೆ ಅಂತರವಿರಲಿ, ಕತ್ತಲಲ್ಲಿ ತಡಕಿದರೂ ಧ್ವನಿಯ ಗುಂಡಿ ಬೆರಳಿಗೆ ಸಿಗುವಂತಿರಲಿ.

ಅಂಗಡಿಯವರನ್ನು ಮೂರು ಮಾತು ಕೇಳಿ. ಇದು ಕಲಿಯುವ ರಿಮೋಟೇ? ಸೆಲ್ ಬದಲಿಸಿದಾಗ ಕಲಿತದ್ದು ಮರೆಯುತ್ತದೆಯೇ? ನಮ್ಮ ಯಂತ್ರಕ್ಕೆ ಹೊಂದದಿದ್ದರೆ ವಾಪಸ್ಸು ತೆಗೆದುಕೊಳ್ಳುವಿರಾ? ಕಳೆದುಹೋದದ್ದು ಒಂದೇ ರಿಮೋಟ್ ಆದರೆ ಯೂನಿವರ್ಸಲ್ ಬೇಡ. ಅದೇ ಮಾಡೆಲ್‌ಗೆ ಹೊಂದುವ ಬದಲಿ ರಿಮೋಟ್ ಕೇಳಿ ಪಡೆಯಿರಿ. ಸಾಮಾನ್ಯವಾಗಿ ಅದು ಅಗ್ಗ, ಕಲಿಸುವ ಕೆಲಸವೂ ಇಲ್ಲ.

ಒಂದು ಎಚ್ಚರಿಕೆ

ಪುಟಾಣಿ ರಿಮೋಟ್‌ಗಳಲ್ಲಿ ಸಿಆರ್ 2025ರಂಥ, ನಾಣ್ಯದಂತಿರುವ ಬಟನ್ ಸೆಲ್ ಇರುತ್ತದೆ. ಮಕ್ಕಳು ಇದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಗಳಲ್ಲಿ ತೀವ್ರವಾಗಿ ಸುಟ್ಟ ಗಾಯ ಮಾಡಬಲ್ಲದು. ಪ್ರಾಣಕ್ಕೂ ಕುತ್ತು ತರಬಹುದು. ಖಾಲಿಯಾದ ಸೆಲ್ಲೂ ಅಪಾಯಕಾರಿಯೇ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಪುಟಾಣಿ ರಿಮೋಟಿನ ಪಾಠವನ್ನು ಕಲಿಯುವ ರಿಮೋಟಿಗೆ ವರ್ಗಾಯಿಸಿ, ಪುಟಾಣಿಯನ್ನು ಕೈಗೆಟುಕದಂತೆ ಎತ್ತಿಡುವುದು ಜಾಣತನ. ಹೊಸ ರಿಮೋಟಿನ ಸೆಲ್ ಮುಚ್ಚಳಕ್ಕೆ ಸ್ಕ್ರೂ ಇದ್ದರೆ ಇನ್ನೂ ಒಳ್ಳೆಯದು.

ನೀವೇ ಮಾಡಿ ನೋಡಿ

ಈ ಭಾನುವಾರ ಮನೆಯ ರಿಮೋಟ್‌ಗಳನ್ನೆಲ್ಲ ಮೊಬೈಲ್ ಕ್ಯಾಮೆರಾದ ಮುಂದೆ ಪರೀಕ್ಷಿಸಿ. ಮಿನುಗು ಕಾಣದಿದ್ದರೆ ಮೊದಲು ಹೊಸ ಸೆಲ್ ಹಾಕಿ ನೋಡಿ. ಆಮೇಲೆ ರಿಮೋಟನ್ನು ಗೋಡೆಯತ್ತ ತಿರುಗಿಸಿ ಒತ್ತಿ. ಟಿ.ವಿ. ಓಗೊಟ್ಟರೆ ಅವಕೆಂಪು ಬೆಳಕೂ ಪ್ರತಿಫಲಿಸುತ್ತದೆ ಎಂದು ಕಂಡುಕೊಂಡಂತಾಯಿತು. ನಡುವೆ ರಟ್ಟು ಹಿಡಿದರೆ ಏನಾಗುತ್ತದೆ? ಗಾಜು ಹಿಡಿದರೆ? ಬರೆದಿಡಿ. ಯಂತ್ರಗಳನ್ನು ಕಪಾಟಿನಲ್ಲಿಡುವಾಗ ಈ ಟಿಪ್ಪಣಿ ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ, ಹೊಸ ರಿಮೋಟ್ ಸಿದ್ಧವಾದ ಮೇಲೆ ಅದನ್ನು ಅಜ್ಜಿಯ ಕೈಗೆ ಕೊಟ್ಟು ನೀವು ದೂರ ಕುಳಿತುಕೊಳ್ಳಿ. ಮಧ್ಯೆ ಬಾಯಿ ಹಾಕಬೇಡಿ. ನಿಮ್ಮನ್ನು ಕೇಳದೆ ಅವರು ಟಿ.ವಿ. ಹಚ್ಚಿ, ತಮಗೆ ಬೇಕಾದ ಚಾನೆಲ್ ಹಾಕಿ, ಧ್ವನಿ ಸರಿಮಾಡಿಕೊಂಡು, ಮುಗಿದ ಮೇಲೆ ಆರಿಸಿದರೆ ನಿಮ್ಮ ಆಯ್ಕೆ ಸರಿಯಾಗಿದೆ. ಎಲ್ಲಿ ತಡವರಿಸಿದರೋ ಅಲ್ಲಿ ರಿಮೋಟನ್ನು ತಿದ್ದಿ.