ಎಸೆಯುವವರಿಗೆ ಗೊತ್ತಿರುವುದು, ಎತ್ತುವವರಿಗೆ ಗೊತ್ತಿಲ್ಲದ್ದು

2010ರ ಫೆಬ್ರವರಿಯಲ್ಲಿ ದೆಹಲಿ ವಿಶ್ವವಿದ್ಯಾಲಯ ತನಗೆ ಬೇಡವಾದ ಹಳೆಯ ಸಾಮಾನುಗಳನ್ನು ಹರಾಜು ಹಾಕಿತು. ಅವುಗಳಲ್ಲಿ ರಸಾಯನ ವಿಜ್ಞಾನ ವಿಭಾಗದ ಒಂದು ಭಾರೀ ಯಂತ್ರವೂ ಇತ್ತು. ಕೆನಡಾದಿಂದ ತರಿಸಿದ್ದ ಆ ಯಂತ್ರ 1980ರ ದಶಕದ ನಡುವಿನಿಂದ ಮೂಲೆಯಲ್ಲಿ ಬಿದ್ದಿತ್ತು. ಹರಾಜಿನಲ್ಲಿ ಕೊಂಡವರು ಅದನ್ನು ಪಶ್ಚಿಮ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಸಾಗಿಸಿದರು. ಗುಜರಿಯವರ ಲೆಕ್ಕದಲ್ಲಿ ಅದು ಇಷ್ಟು ಕೆ.ಜಿ. ಸೀಸ, ಇಷ್ಟು ಕೆ.ಜಿ. ಉಕ್ಕು, ಅಷ್ಟೇ. ಬಿಚ್ಚಿ ಒಡೆದರು. ಸೀಸದ ಕವಚದೊಳಗೆ ಇದ್ದದ್ದು ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ.

ಏಪ್ರಿಲ್ ಹೊತ್ತಿಗೆ ಮಾಯಾಪುರಿಯ ಕೆಲವರಿಗೆ ಚರ್ಮ ಕಪ್ಪಾಗತೊಡಗಿತು, ಕೂದಲು ಉದುರಿತು. ಒಬ್ಬರು ಲೋಹದ ಚೂರೊಂದನ್ನು ಪರ್ಸಿನಲ್ಲೇ ಇಟ್ಟುಕೊಂಡು ಓಡಾಡಿದ್ದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ಸತ್ತ. ಕೋಬಾಲ್ಟ್-60ರ ಶಕ್ತಿ ಸುಮಾರು 5.3 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ದಶಕಗಳ ಕಾಲ ಹಾಗೆ ಇಳಿದು ಇಳಿದು ಉಳಿದಿದ್ದ ಶಕ್ತಿಯೇ ಇಷ್ಟು ಮಾಡಿತು.

ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ 1987ರಲ್ಲಿ ಇದಕ್ಕಿಂತ ಘೋರವಾದದ್ದು ನಡೆದಿತ್ತು. ಪಾಳುಬಿದ್ದ ಚಿಕಿತ್ಸಾಲಯದಿಂದ ಹೊತ್ತು ತಂದ ಯಂತ್ರದೊಳಗಿನ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಗುಜರಿ ಮಾಲೀಕ ಅದನ್ನು ಮನೆಗೊಯ್ದು ನೆಂಟರಿಷ್ಟರಿಗೆ ತೋರಿಸಿದ. ನಾಲ್ವರು ಸತ್ತರು. ಅವರಲ್ಲಿ ಒಬ್ಬಳು ಆರು ವರ್ಷದ ಹುಡುಗಿ.

ಯಾರ ಮನೆಯ ಅಟ್ಟದಲ್ಲೂ ಕೋಬಾಲ್ಟ್ ಇರುವುದಿಲ್ಲ, ನಿಜ. ಆದರೆ ಈ ಎರಡೂ ಕಡೆ ಎಡವಟ್ಟಾದ ರೀತಿಯನ್ನು ಗಮನಿಸಬೇಕು. ವಸ್ತು ಕೈಯಿಂದ ಕೈಗೆ ಹೋಯಿತು, ಅದರೊಳಗೆ ಏನಿದೆ ಎಂಬ ವಿಷಯ ಮಾತ್ರ ಹಿಂದೆಯೇ ಉಳಿಯಿತು. ಬೆಂಗಳೂರಿನ ಬೀದಿಗಳಲ್ಲಿ ದಿನಬೆಳಗಾದರೆ ಇದೇ ನಡೆಯುತ್ತದೆ, ಸಣ್ಣ ಪ್ರಮಾಣದಲ್ಲಿ, ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ.

ಇಂಜೆಕ್ಷನ್ ಸೂಜಿಯನ್ನೇ ತೆಗೆದುಕೊಳ್ಳಿ. ಆಸ್ಪತ್ರೆಯ ಸೂಜಿಗೆ ಕಾನೂನಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅದು ಚುಚ್ಚಲಾಗದಂಥ ಗಟ್ಟಿ ಬಿಳಿ ಡಬ್ಬಕ್ಕೇ ಹೋಗಬೇಕು. ಅದೇ ಸೂಜಿಯಿಂದ ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಎಷ್ಟೋ ಮಂದಿ. ಅವರ ಸೂಜಿ ಹೋಗುವುದು ಅಡುಗೆಮನೆ ಬುಟ್ಟಿಗೆ, ಅಲ್ಲಿಂದ ಆಟೊ ಟಿಪ್ಪರ್‌ಗೆ, ಅಲ್ಲಿಂದ ಯಾರದೋ ಅಂಗೈಗೆ. ಸೋಂಕಿತರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್-ಬಿ ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಜನ ಹೆದರುವುದು ಮೊದಲನೆಯದಕ್ಕೆ, ಹೆದರಬೇಕಾದದ್ದು ಎರಡನೆಯದಕ್ಕೆ. ಅದನ್ನು ತಡೆಯಲು ಮೂರು ಡೋಸ್‌ಗಳ ಲಸಿಕೆ ಇದೆ. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಅದರ ಜೊತೆಗೆ ಧನುರ್ವಾಯುವಿನ ಚುಚ್ಚುಮದ್ದೂ ಸಿಗಬೇಕು. ಬಿಸಾಡುವವರು ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮೇಲೆ ‘ಸೂಜಿ’ ಎಂದು ಬರೆದುಕೊಟ್ಟರೂ ಅರ್ಧ ಅಪಾಯ ಕಳೆಯುತ್ತದೆ.

‘ಗ್ಲೌಸ್ ಕೊಟ್ಟರೂ ಹಾಕಿಕೊಳ್ಳುವುದಿಲ್ಲ’ ಎಂಬ ದೂರು ಕಚೇರಿಗಳಲ್ಲಿ ಸಾಮಾನ್ಯ. ದೂರುವವರು ಒಮ್ಮೆ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಕೂತು ನೋಡಬೇಕು. ಹಾಲಿನ ಕವರ್ ಯಾವುದು, ಬಿಸ್ಕತ್ತಿನ ಕವರ್ ಯಾವುದು ಎಂದು ಅಲ್ಲಿನ ಹೆಂಗಸರು ಬೆರಳ ತುದಿಯಿಂದಲೇ ಗುರುತಿಸುತ್ತಾರೆ. ದಪ್ಪ ರಬ್ಬರ್ ಗ್ಲೌಸಿನೊಳಗೆ ಬೆರಳಿಗೆ ಆ ಸೂಕ್ಷ್ಮ ಇರುವುದಿಲ್ಲ, ಬಿಸಿಲಿಗೆ ಕೈ ಬೆವೆತು ಜಾರುತ್ತದೆ. ಆಯ್ದಷ್ಟೇ ಸಂಪಾದನೆ ಎನ್ನುವವರಿಗೆ ಕೈ ನಿಧಾನವಾದರೆ ನಷ್ಟ. ತೆಳ್ಳಗಿನ, ಅಂಗೈಗೆ ಮಾತ್ರ ಲೇಪನವಿರುವ, ಹೆಂಗಸರ ಅಳತೆಯ ಗ್ಲೌಸ್ ಕೊಟ್ಟು ನೋಡಿದ ಮೇಲೆ ದೂರುವುದು ನ್ಯಾಯ.

ಮನೆ ಖಾಲಿ ಮಾಡಿಸುವ ಕೆಲಸದ ಅಪಾಯಗಳೇ ಬೇರೆ. ಹಿರಿಯರು ತೀರಿಕೊಂಡು ಮಕ್ಕಳು ಹಳೆಮನೆಯನ್ನು ಬಿಲ್ಡರ್‌ಗೆ ಕೊಡುವ ಮುನ್ನ ನಾಲ್ಕು ಜನ ಕೂಲಿಗಳು, ಒಂದು ಟೆಂಪೊ ಬರುತ್ತವೆ. ಮೊದಲು ಇಳಿಯುವುದು ಕಬ್ಬಿಣದ ಬೀರು. ಒಬ್ಬ ಗಂಡಾಳು ಕೈಯಿಂದ ಎತ್ತಿ ಸಾಗಿಸುವ ಭಾರ 55 ಕೆ.ಜಿ. ದಾಟಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಕಿರಿದಾದ ಮೆಟ್ಟಿಲಲ್ಲಿ ಬೀರು ಇಳಿಸುವಾಗ ಕೆಳಗಿನವನ ಮೇಲೆ ಬೀಳುವ ಭಾರವನ್ನು ತೂಗಿ ನೋಡುವವರು ಯಾರು? ಬಾಗಿಲು, ಅರೆಗಳನ್ನು ಮೊದಲೇ ಬಿಚ್ಚಿದರೆ ತೂಕ ಎಷ್ಟೋ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ಸ್ಪ್ಯಾನರ್ ಮತ್ತು ಹತ್ತು ನಿಮಿಷ.

ಆಮೇಲೆ ಹಿತ್ತಲಿನ ಕಲ್ನಾರಿನ ಶೀಟ್. ಸುಮ್ಮನೆ ಚಾವಣಿಯಾಗಿ ಕೂತಿರುವವರೆಗೆ ಅದರ ಕಾಟ ಕಡಿಮೆ. ಸುತ್ತಿಗೆಯಲ್ಲಿ ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕಿಳಿಯುತ್ತವೆ. ಅದರಿಂದ ಬರುವ ಕ್ಯಾನ್ಸರ್ 20-40 ವರ್ಷಗಳ ಮೇಲೆ ತಲೆ ಎತ್ತಬಹುದು. ಅಷ್ಟು ಹೊತ್ತಿಗೆ ಆ ಕೂಲಿ ಯಾವ ಊರಿನಲ್ಲಿರುತ್ತಾನೋ, ಯಾವ ಮನೆಯ ಶೀಟ್ ಒಡೆದಿದ್ದನೋ ಯಾರಿಗೆ ನೆನಪು? ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ದಿನಗೂಲಿಯವನಿಗೆ ದಾಖಲೆಯೆಂಬುದೇ ಇಲ್ಲ. ಅವನಿಗೆ ದಕ್ಕಬಹುದಾದ ರಕ್ಷಣೆ ಇಷ್ಟು: ಶೀಟಿಗೆ ಚೆನ್ನಾಗಿ ನೀರು ಹಾಕುವುದು, ಒಡೆಯದೆ ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸುವುದು, ಬಟ್ಟೆ ಕಟ್ಟಿಕೊಳ್ಳುವ ಬದಲು ಧೂಳು ತಡೆಯುವ ಸರಿಯಾದ ಮಾಸ್ಕ್ ಹಾಕುವುದು, ಬಿದ್ದ ಚೂರುಗಳನ್ನು ಒಣಗಿದ್ದಾಗ ಗುಡಿಸದಿರುವುದು, ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳದಿರುವುದು.

ಬಚ್ಚಲುಮನೆಯ ಗೂಡಿನಲ್ಲಿ ಅರ್ಧಂಬರ್ಧ ಉಳಿದ ಬಾಟಲಿಗಳು ಸಿಗುತ್ತವೆ. ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಬಾಟಲಿ ಗುಜರಿಗೆ ಹಾಕುವುದು ರೂಢಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸುತ್ತದೆ. ಟ್ಯೂಬ್‌ಲೈಟಿನಲ್ಲಿ ಪಾದರಸ, ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಇರುವುದು ಹಲವರಿಗೆ ಗೊತ್ತು. ಹೊಸ ತಂಟೆ ಲಿಥಿಯಂ ಬ್ಯಾಟರಿಯದು. ಹಳೇ ಮೊಬೈಲ್, ಪವರ್ ಬ್ಯಾಂಕ್ ಕಸದ ರಾಶಿಯಲ್ಲಿ ಸೇರಿ ಕಂಪ್ಯಾಕ್ಟರ್ ಲಾರಿಯಲ್ಲಿ ಅಪ್ಪಚ್ಚಿಯಾದರೆ ಬೆಂಕಿ ಹೊತ್ತಿಕೊಳ್ಳಬಹುದು.

ಹಳೆಮನೆಯ ಸಂಪು, ಪಿಟ್ ಗುಂಡಿಗಳ ಮುಚ್ಚಳವನ್ನು ಕೂಲಿಯವರು ತೆರೆಯಲೇಬಾರದು. ಪಿಟ್ ಗುಂಡಿಯಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ, ಹೆಚ್ಚಾದಾಗ ಮೂಗನ್ನೇ ಸತ್ತಂತಾಗಿಸುತ್ತದೆ. ವಾಸನೆ ಹೋಯಿತೆಂದು ಇಳಿದವನು ಬಿದ್ದರೆ ಅವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಮನುಷ್ಯರನ್ನು ರಕ್ಷಣೆಯಿಲ್ಲದೆ ಒಳಗಿಳಿಸುವುದನ್ನು 2013ರ ಕಾನೂನೇ ಅಪರಾಧ ಎಂದಿದೆ.

ಮಾಹಿತಿಯನ್ನು ಕಸದ ಜೊತೆಗೇ ಕಳಿಸುವ ಉಪಾಯಗಳು ನಮ್ಮಲ್ಲಿ ಹುಟ್ಟಿಲ್ಲವೆಂದಲ್ಲ. ಹೈಕೋರ್ಟ್ ಆದೇಶದ ಮೇಲೆ ಬೆಂಗಳೂರಿಗೆ ಬಂದ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯಲ್ಲಿ ಕೆಂಪು ಬುಟ್ಟಿ ಇರುವುದೇ ಅದಕ್ಕೆ: ಪ್ಯಾಡ್, ಡೈಪರ್, ಬ್ಯಾಂಡೇಜ್ ಇಲ್ಲಿವೆ, ಬಿಚ್ಚಬೇಡಿ ಎಂದು ಬಣ್ಣವೇ ಹೇಳುತ್ತದೆ. ಪುಣೆಯ ಕಸ ಆಯುವ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದಿನವೂ ಬರಿಗೈಯಲ್ಲಿ ಬಳಸಿದ ಪ್ಯಾಡ್ ಮುಟ್ಟಿ ಮುಟ್ಟಿ ರೋಸಿಹೋದ ಅವರ ಸಂಘಟನೆ 2013ರಲ್ಲಿ ಅವುಗಳನ್ನು ಚೀಲಗಳಲ್ಲಿ ತುಂಬಿ ತಯಾರಕ ಕಂಪನಿಗಳಿಗೇ ವಾಪಸು ಕಳಿಸಿತು. 2016ರ ಘನತ್ಯಾಜ್ಯ ನಿಯಮಗಳಲ್ಲಿ, ಪ್ಯಾಡಿನ ಜೊತೆ ಅದನ್ನು ಸುತ್ತಿ ಎಸೆಯುವ ಚೀಲವನ್ನೂ ತಯಾರಕರು ಕೊಡಬೇಕೆಂಬ ಮಾತು ಸೇರಿತು. ಚೀಲ ಸಿಗದಿದ್ದರೆ ಹಳೇ ಪತ್ರಿಕೆಯ ಹಾಳೆ ಸಾಕು, ಮೇಲೊಂದು ಕೆಂಪು ಗುರುತು ಹಾಕಿದರಾಯಿತು.