ಮಲಾಡಿನಲ್ಲಿ ನಾವು ಕಂಡ ಯಕ್ಷಗಾನ

ಕಳೆದ ಆಷಾಢದ ಒಂದು ಭಾನುವಾರ ಸಂಜೆ ನಮ್ಮ ಶಾಲೆಯ ಹದಿನಾರು ಮಂದಿ ಮಕ್ಕಳನ್ನು ಕರೆದುಕೊಂಡು ನಾವು ಯಕ್ಷಗಾನವನ್ನು ನೋಡಲು ಹೋಗಿದ್ದೆವು. ಬೆಳಗಿನಿಂದಲೂ ಬಿಡದೆ ಮಳೆ ಹೊಯ್ದಿತ್ತು. ಮಲಾಡಿನ ಸಬ್‌ವೇಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದುದರಿಂದ ಪೂರ್ವ ಭಾಗದಿಂದ ಪಶ್ಚಿಮ ಭಾಗಕ್ಕೆ ರೈಲ್ವೆ ನಿಲ್ದಾಣದ ಸೇತುವೆಯನ್ನು ಹತ್ತಿ ಇಳಿಯಬೇಕಾಯಿತು. ಒಂದು ಕೊಡೆಯ ಕೆಳಗೆ ಮೂವರು ಮೂವರಾಗಿ ನಡೆಯುತ್ತಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬನು, “ಸರ್, ಯಕ್ಷಗಾನವೆಂದರೆ ನಾಟಕವೋ, ನೃತ್ಯವೋ, ಹಾಡೋ?” ಎಂದು ಕೇಳಿದನು. “ನೋಡಿದ ಮೇಲೆ ನೀನೇ ಹೇಳು” ಎಂದೆವು. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಮಳೆಗಾಲದಲ್ಲಿಯೇ ಈ ಆಟ ಮುಂಬಯಿಗೆ ಬರುವುದೇಕೆ ಎಂಬುದನ್ನು ತಿಳಿಯೋಣ. ಕರಾವಳಿಯಲ್ಲಿ ಯಕ್ಷಗಾನವಾಡುವ ತಂಡಗಳಿಗೆ ಮೇಳಗಳೆಂದು ಹೆಸರು. ಅವುಗಳಲ್ಲಿ ಅನೇಕವು ದೇವಸ್ಥಾನಗಳಿಗೆ ಸೇರಿದವು. ದೀಪಾವಳಿ ಕಳೆದು ಗದ್ದೆಯ ಕೊಯ್ಲು ಮುಗಿಯುತ್ತಿದ್ದಂತೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ; ಊರಿಂದೂರಿಗೆ ಹೋಗಿ ರಾತ್ರಿ ಆಟವಾಡುತ್ತವೆ. ಮೇ ತಿಂಗಳ 24ರ ಸುಮಾರಿಗೆ ತುಳುನಾಡಿನಲ್ಲಿ ‘ಪತ್ತನಾಜೆ’ ಎಂಬ ದಿನ ಬರುತ್ತದೆ. ಅಂದು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಅಲ್ಲಿಂದ ಮುಂದೆ ಮಳೆ, ಬಯಲಿನಲ್ಲಿ ಆಟವಾಡುವಂತಿಲ್ಲ. ಆ ನಾಲ್ಕೈದು ತಿಂಗಳ ಬಿಡುವಿನಲ್ಲಿ ಕಲಾವಿದರು ಗುಂಪುಗೂಡಿ ಮುಂಬಯಿಗೆ ಬರುವುದುಂಟು. ಇಲ್ಲಿ ಅವರನ್ನು ಕಾಯುವವರು ಯಾರು? ಹೋಟೆಲುಗಳಲ್ಲಿ ದುಡಿಯಲು ಬಂದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಈ ನಗರದಲ್ಲಿಯೇ ನೆಲೆನಿಂತ ಕರಾವಳಿಯ ಕನ್ನಡಿಗರು ಮತ್ತು ತುಳುವರು. ಎಂದರೆ ನಿಮ್ಮಲ್ಲಿ ಬಹುಮಂದಿಯ ಅಜ್ಜಂದಿರು.

ಈ ಕಲೆಗೆ ವಯಸ್ಸು ಬಹಳ. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿ ದೊರೆತ 1556ರ ಶಾಸನವೊಂದು ತಾಳಮದ್ದಳೆಯವರಿಗೆ ಭೂಮಿಯನ್ನು ದಾನವಿತ್ತುದನ್ನು ಹೇಳುತ್ತದೆ. ವಿಷ್ಣು ಎಂಬ ಕವಿಯ ‘ವಿರಾಟಪರ್ವ’ ಪ್ರಸಂಗದ ತಾಳೆಗರಿಯ ಪ್ರತಿಯೊಂದರ ಕಾಲ 1564. ಮುಂದೆ ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬನು ರಾಮಾಯಣದ ಕಥೆಗಳನ್ನು ಪ್ರಸಂಗಗಳನ್ನಾಗಿ ಹಾಡಿದನು. ಗದ್ದೆಯ ಬಯಲಿನಲ್ಲಿ ನಾಲ್ಕು ಕಂಬ ನೆಟ್ಟು, ಮಾವಿನ ತೋರಣ ಕಟ್ಟಿ, ದೊಂದಿಯ ಬೆಳಕಿನಲ್ಲಿ ಬೆಳಗಿನವರೆಗೆ ಆಡುತ್ತಿದ್ದುದರಿಂದ ಇದಕ್ಕೆ ‘ಬಯಲಾಟ’ವೆಂಬ ಹೆಸರು ಬಂದಿತು. ದೊಂದಿ ಹೋಗಿ ಗ್ಯಾಸ್‌ಲೈಟು ಬಂದಿತು. ಅದೂ ಹೋಗಿ ವಿದ್ಯುದ್ದೀಪ ಬಂದಿತು. ಮಲಾಡಿನಲ್ಲಂತೂ ಬಯಲಿಗೆ ಬದಲಾಗಿ ಸಭಾಗೃಹ, ಇಡೀ ರಾತ್ರಿಗೆ ಬದಲಾಗಿ ನಾಲ್ಕು ಗಂಟೆಗಳ ಅವಧಿ. ಕಡೆಯ ಲೋಕಲ್ ಗಾಡಿ ತಪ್ಪಿದರೆ ಪ್ರೇಕ್ಷಕರು ಮನೆ ಸೇರುವ ಬಗೆಯೆಂತು?

ನಾವು ಸ್ವಲ್ಪ ಮುಂಚಿತವಾಗಿಯೇ ಹೋಗಿದ್ದೆವಾದುದರಿಂದ ಮಕ್ಕಳಿಗೆ ಚೌಕಿಯನ್ನು ನೋಡುವ ಅವಕಾಶ ದೊರೆಯಿತು. ಚೌಕಿಯೆಂದರೆ ಬಣ್ಣದ ಮನೆ. ಅಲ್ಲಿ ಗಣಪತಿಗೆ ಪೂಜೆಯಾದ ಬಳಿಕವೇ ಆಟ ಮೊದಲಾಗುವುದು. ನೆಲದ ಮೇಲೆ ಚಾಪೆ ಹಾಸಿ ಸಾಲಾಗಿ ಕುಳಿತ ಕಲಾವಿದರು ಚಿಕ್ಕ ಚಿಕ್ಕ ಕನ್ನಡಿಗಳನ್ನು ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿದ್ದರು. ಭುಜಕೀರ್ತಿ, ಎದೆಕಟ್ಟು, ಕರ್ಣಪತ್ರಗಳನ್ನು ಕಂಡು ಮಕ್ಕಳು ಚಿನ್ನವೆಂದೇ ತಿಳಿದರು. ಅವು ಹಗುರವಾದ ಮರದಲ್ಲಿ ಕೆತ್ತಿ, ಮೇಲೆ ಬೇಗಡೆಯನ್ನು ಅಂಟಿಸಿದ ಆಭರಣಗಳು. ಬಡಗುತಿಟ್ಟಿನಲ್ಲಿ ತರುಣ ವೀರರ ತಲೆಗೆ ಕಟ್ಟುವ ಮುಂಡಾಸಿಗೆ ‘ಕೇದಗೆ ಮುಂದಲೆ’ಯೆಂದು ಹೆಸರು, ಅದು ಕೇದಗೆಯ ಎಸಳಿನಂತೆ ಮೇಲೆದ್ದು ಬಾಗಿರುತ್ತದೆ. ಅದು ಟೊಪ್ಪಿಗೆಯಂತೆ ಎತ್ತಿ ಇಟ್ಟುಕೊಳ್ಳುವಂಥದಲ್ಲ. ಪ್ರತಿ ಆಟಕ್ಕೂ ಬಟ್ಟೆಯನ್ನು ಸುತ್ತಿ ಸುತ್ತಿ, ಪಟ್ಟಿಗಳನ್ನು ಬಿಗಿದು ಹೊಸದಾಗಿ ಕಟ್ಟಬೇಕು. ಅಂದು ಅಭಿಮನ್ಯುವಿನ ವೇಷವನ್ನು ಧರಿಸುತ್ತಿದ್ದ ಕಲಾವಿದರು ಹುಡುಗರನ್ನು ಹತ್ತಿರ ಕರೆದು, ಪಟ್ಟಿಯ ಒಂದು ತುದಿಯನ್ನು ಹಿಡಿದುಕೊಳ್ಳಲು ಕೊಟ್ಟರು. ಹಿಡಿದವನ ಹಿಗ್ಗನ್ನು ಏನೆಂದು ಹೇಳೋಣ!

ಯಕ್ಷಗಾನದಲ್ಲಿ ಎರಡು ಭಾಗಗಳುಂಟು: ಹಿಮ್ಮೇಳ ಮತ್ತು ಮುಮ್ಮೇಳ. ಹಿಮ್ಮೇಳದಲ್ಲಿ ತಾಳ ಹಿಡಿದು ಹಾಡುವ ಭಾಗವತರು, ಕೈಯಿಂದ ಬಾರಿಸುವ ಮದ್ದಳೆ, ಕೋಲಿನಿಂದ ಬಾರಿಸುವ ಚಂಡೆ, ಶ್ರುತಿಗೆ ಹಾರ್ಮೋನಿಯಂ. ವೇಷ ಕಟ್ಟಿ ಕುಣಿಯುವವರು ಮುಮ್ಮೇಳದವರು. ಭಾಗವತರೇ ಆಟದ ಯಜಮಾನರು. ಅವರ ಪದವಿಲ್ಲದೆ ರಾಜನೂ ಇಲ್ಲ, ರಾಕ್ಷಸನೂ ಇಲ್ಲ. ಏಕ, ಝಂಪೆ, ಅಷ್ಟ, ರೂಪಕ, ತ್ರಿವುಡೆ, ಆದಿ, ತಿತ್ತಿತ್ತೈ ಎಂಬ ತಾಳಗಳಲ್ಲಿ ಯಾವುದನ್ನು ಅವರು ಹಿಡಿಯುತ್ತಾರೆಯೋ ಆ ಹೆಜ್ಜೆಯನ್ನೇ ವೇಷಧಾರಿ ಹಾಕಬೇಕು. ಉಡುಪಿಗೆ ಉತ್ತರದ ಕಡೆಯ ಸಂಪ್ರದಾಯವು ಬಡಗುತಿಟ್ಟು, ದಕ್ಷಿಣದ್ದು ತೆಂಕುತಿಟ್ಟು. ಎರಡರಲ್ಲಿ ವೇಷವೂ ಬೇರೆ, ಚಂಡೆಯೂ ಬೇರೆ. ಕಥೆಗಳು ಮಾತ್ರ ಒಂದೇ.

ಆದರೆ ಈ ಕಲೆಯ ಅತಿ ದೊಡ್ಡ ವಿಶೇಷ ಇವು ಯಾವುವೂ ಅಲ್ಲ. ಅದು ‘ಅರ್ಥ’. ಪ್ರಸಂಗದ ಪುಸ್ತಕವನ್ನು ತೆರೆದು ನೋಡಿದರೆ ಅದರಲ್ಲಿ ಪದ್ಯಗಳು ಮಾತ್ರ ಇರುತ್ತವೆ, ಸಂಭಾಷಣೆ ಇರುವುದಿಲ್ಲ. ಭಾಗವತರು ಒಂದು ಪದ್ಯವನ್ನು ಹಾಡುತ್ತಾರೆ. ವೇಷಧಾರಿ ಅದಕ್ಕೆ ಕುಣಿಯುತ್ತಾನೆ. ಬಳಿಕ ನಿಂತು ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ, ಆ ಕ್ಷಣದಲ್ಲಿ ಹುಟ್ಟಿಸಿ ಹೇಳುತ್ತಾನೆ. ಬರೆದುಕೊಟ್ಟವರಿಲ್ಲ, ಬಾಯಿಪಾಠ ಮಾಡಿದ್ದಿಲ್ಲ. ಎದುರಾಳಿ ಏನು ಕೇಳುವನೆಂದು ಮೊದಲೇ ತಿಳಿಯದು. ಕೇಳಿದುದಕ್ಕೆ ಪುರಾಣವನ್ನು ಮೀರದೆ, ಪಾತ್ರದ ಘನತೆಯನ್ನು ಬಿಡದೆ, ಶುದ್ಧ ಕನ್ನಡದಲ್ಲಿ ಉತ್ತರ ಕೊಡಬೇಕು. ನಡುವೆ ಒಂದು ಇಂಗ್ಲಿಷ್ ಪದ ನುಸುಳಿದರೆ ಸಭೆ ನಕ್ಕುಬಿಡುತ್ತದೆ. ಶಾಲೆಯ ಮುಖವನ್ನೇ ಹೆಚ್ಚಾಗಿ ಕಾಣದಿದ್ದ ಎಷ್ಟೋ ಕಲಾವಿದರು ಪಂಡಿತರೂ ತಲೆದೂಗುವಂತೆ ಮಾತನಾಡಿದ್ದಾರೆ.

ಅಂದಿನ ಪ್ರಸಂಗ ಅಭಿಮನ್ಯು ಕಾಳಗ. ಕಥೆಯನ್ನು ನೀವೆಲ್ಲರೂ ಬಲ್ಲಿರಿ. ತಾಯಿಯ ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹವನ್ನು ಹೊಗುವ ಬಗೆಯನ್ನು ಕೇಳಿದ್ದ ಬಾಲಕ ಅವನು. ಹೊರಬರುವ ಬಗೆಯನ್ನು ಕೇಳಲಿಲ್ಲ. ಯುದ್ಧಕ್ಕೆ ಹೊರಟ ಮಗನನ್ನು ಸುಭದ್ರೆ ತಡೆಯುತ್ತಾಳೆ. ಆ ಪಾತ್ರವನ್ನು ವಹಿಸಿದವರು ಗಂಡಸರೇ ಆಗಿದ್ದರೂ ಎರಡು ಮಾತು ಮುಗಿಯುವುದರೊಳಗೆ ನಾವದನ್ನು ಮರೆತೆವು. ಬಾಗಿಲು ತೆರೆಯಲು ಬಲ್ಲವನಿಗೆ ಅದನ್ನು ಮುಚ್ಚಿ ಮನೆಗೆ ಬರಲೂ ತಿಳಿದಿರಬೇಡವೇ ಎಂದು ತಾಯಿ ಕೇಳಿದಳು. ಮನೆಯ ಮಾನವೇ ಬೀದಿಯಲ್ಲಿರುವಾಗ ಒಳಗೆ ಕುಳಿತವನಿಗೆ ಬಾಗಿಲಿನ ಚಿಂತೆಯೇಕೆ ಎಂದು ಮಗನು ಮರುನುಡಿದನು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಶಲ್ಯದ ಅಂಚಿನಿಂದ ಕಣ್ಣೊರೆಸಿಕೊಂಡರು. ಚಂಡೆ ಏರುತ್ತಾ ಹೋಯಿತು. ಅಭಿಮನ್ಯು ರಂಗದ ತುಂಬ ಸುತ್ತುಸುತ್ತಾಗಿ ಕುಣಿದು ವ್ಯೂಹವನ್ನು ಹೊಕ್ಕನು. ರಂಗದ ಮೇಲೆ ಕೋಟೆಯೂ ಇಲ್ಲ, ರಥವೂ ಇಲ್ಲ. ಆದರೂ ವ್ಯೂಹ ಕಂಡಿತು!

ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನಗೆ ತಿಳಿಯದ ಮಾತುಗಳನ್ನು ಪುಸ್ತಕವೊಂದರಲ್ಲಿ ಬರೆದುಕೊಂಡಿದ್ದಳು. ಮರುದಿನ ತರಗತಿಯಲ್ಲಿ ಎಣಿಸಿದಾಗ 26 ಮಾತುಗಳಾದವು. ಅವುಗಳಲ್ಲಿ 15ರ ಅರ್ಥವನ್ನು ಆಟ ನೋಡಿದ ಇತರ ಮಕ್ಕಳೇ ಊಹಿಸಿ ಸರಿಯಾಗಿ ಹೇಳಿದರು! ಕಣ್ಣು ಕಂಡುದನ್ನು ಕಿವಿ ಬೇಗ ಕಲಿಯುತ್ತದೆ. ಅದೇ ಹುಡುಗಿ, “ಸರ್, ಹೆಂಗಸರ ವೇಷವನ್ನೂ ಗಂಡಸರೇ ಹಾಕಬೇಕೆ? ನಾವು ಹಾಕಬಾರದೆ?” ಎಂದು ಕೇಳಿದಳು. ಹಾಕಬಹುದು, ಹಾಕುತ್ತಲೂ ಇದ್ದಾರೆ. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಮೇಳಗಳಲ್ಲಿ ಭಾಗವತರಾಗಿಯೇ ಹಾಡಿ ಹೆಸರು ಪಡೆದರು. ಈಗ ಹೆಣ್ಣುಮಕ್ಕಳದೇ ತಂಡಗಳೂ ಉಂಟು.

ಇಂಥ ಕಲೆ ಬೇರೆ ದೇಶಗಳಲ್ಲಿಯೂ ಇದೆಯೇ ಎಂಬ ಇನ್ನೊಂದು ಪ್ರಶ್ನೆಗೆ ನಾವು ಭೂಪಟದಲ್ಲಿ ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪಗಳನ್ನು ತೋರಿಸಿದೆವು. ಅಲ್ಲಿನ ಕುಣಿತಕ್ಕೆ ಹುಲಾ ಎಂದು ಹೆಸರು. ಪ್ರಾಚೀನ ರೀತಿಯ ಹುಲಾದಲ್ಲಿಯೂ ನಮ್ಮ ಭಾಗವತರಂತೆ ಒಬ್ಬರು ಕುಳಿತು, ಸೋರೆಬುರುಡೆಯನ್ನೋ ಮೀನಿನ ತೊಗಲು ಬಿಗಿದ ಮದ್ದಳೆಯನ್ನೋ ಬಾರಿಸುತ್ತಾ ಪದ ಹೇಳುತ್ತಾರೆ. ಕುಣಿಯುವವರ ಕೈಕಾಲುಗಳು ಆ ಪದದ ಅರ್ಥವನ್ನೇ ಆಡಿ ತೋರಿಸುತ್ತವೆ. ಅಲ್ಲಿಯೂ ಪದ ಮೊದಲು, ಕುಣಿತ ಅನಂತರ. 1830ರಲ್ಲಿ ಆ ದ್ವೀಪಗಳ ರಾಣಿ ಕಾಹುಮನು ಕ್ರೈಸ್ತ ಮತವನ್ನು ಸ್ವೀಕರಿಸಿದ್ದವಳಾಗಿ, ಜನರೆದುರು ಹುಲಾ ಆಡಬಾರದೆಂದು ವಿಧಿಸಿದಳು. 1883ರಲ್ಲಿ ರಾಜ ಕಲಾಕೌವ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಅದನ್ನು ಮತ್ತೆ ರಂಗಕ್ಕೆ ತಂದನು. ಆತನ ನೆನಪಿಗಾಗಿ ಹೀಲೊ ಎಂಬ ಊರಿನಲ್ಲಿ ಮೊದಲಾದ ಉತ್ಸವಕ್ಕೆ 1971ರಲ್ಲಿ ಹುಲಾ ಸ್ಪರ್ಧೆ ಸೇರಿತು. ಇಂದಿಗೂ ಈಸ್ಟರ್ ಹಬ್ಬದ ವಾರದಲ್ಲಿ ಅದು ನಡೆಯುತ್ತದೆ.

ಆದರೆ ಕುಣಿತ ಮರಳಿ ಬಂದರೂ ಮಾತು ಅಷ್ಟು ಸುಲಭವಾಗಿ ಮರಳಲಿಲ್ಲ. 1896ರ ಕಾನೂನೊಂದು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನೆಯ ಭಾಷೆಯನ್ನಾಗಿ ಮಾಡಿತ್ತು. ಎರಡು ಮೂರು ತಲೆಮಾರುಗಳಲ್ಲಿ ಮಕ್ಕಳು ಅಜ್ಜಿಯ ಪದವನ್ನು ಕೇಳಿ ಅರ್ಥ ತಿಳಿಯದಂತಾದರು. 1978ರಲ್ಲಿ ಹವಾಯಿ ಭಾಷೆಗೆ ಅಲ್ಲಿ ಅಧಿಕೃತ ಸ್ಥಾನ ದೊರೆಯಿತು. 1984ರಲ್ಲಿ ಚಿಕ್ಕ ಮಕ್ಕಳಿಗಾಗಿ ಆ ಭಾಷೆಯಲ್ಲಿಯೇ ಕಲಿಸುವ ಶಾಲೆ ಆರಂಭವಾಯಿತು. ಆ ಶಾಲೆಗಳ ಹೆಸರಿಗೆ ‘ಸ್ವರಗಳ ಗೂಡು’ ಎಂದು ಅರ್ಥ. ಪದ ಅರ್ಥವಾಗದವನಿಗೆ ಹುಲಾ ಬರಿಯ ಸೊಂಟದ ಕುಣಿತ. ಅರ್ಥವಾದವನಿಗೆ ಅದು ಅವನ ನೆಲದ, ಕಡಲಿನ, ಹಿರಿಯರ ಚರಿತ್ರೆ.

ನಮ್ಮ ಯಕ್ಷಗಾನಕ್ಕೂ ಈ ಮಾತು ಸಲ್ಲುತ್ತದೆ. ಡಾ. ಶಿವರಾಮ ಕಾರಂತರು ಸಂಭಾಷಣೆಯನ್ನು ಬಿಟ್ಟು, ಹಾಡು ಕುಣಿತಗಳಿಂದಲೇ ಕಥೆ ಹೇಳುವ ಪ್ರಯೋಗವನ್ನು ಮಾಡಿ ಹೊರದೇಶಗಳಿಗೂ ಈ ಕಲೆಯನ್ನು ಮುಟ್ಟಿಸಿದರು. ಭಾಷೆಯರಿಯದವರ ಎದುರಿಗೆ ಅದು ಸರಿಯಾದುದೇ. ಆದರೆ ಕನ್ನಡ ಮಕ್ಕಳಾದ ನಾವೇ ಭಾಷೆಯರಿಯದ ಪರದೇಶಿಗಳಾಗಿ ಆಟದ ಮುಂದೆ ಕುಳಿತುಕೊಳ್ಳುವ ಕಾಲ ಬರಬೇಕೆ? ಅಂದು ಸಭೆಯಲ್ಲಿ ನರೆತ ತಲೆಗಳೇ ಹೆಚ್ಚಾಗಿದ್ದವು. ನಮ್ಮ ಹದಿನಾರು ಮಂದಿಯ ಹೊರತು ಮಕ್ಕಳು ಬೆರಳೆಣಿಕೆಯಷ್ಟು. ಈ ನಗರದಲ್ಲಿ ನಾವು ಕಿಟಕಿಗೆ ‘ಖಿಡಕಿ’ಯೆನ್ನುತ್ತೇವೆ, ಬೀಗದ ಕೈಗೆ ‘ಚಾವಿ’ಯೆನ್ನುತ್ತೇವೆ. ಮರಾಠಿ ಹಿಂದಿಗಳನ್ನು ಕಲಿಯುವುದು ತಪ್ಪಲ್ಲ. ಅನ್ನ ಕೊಟ್ಟ ನೆಲದ ಮಾತನ್ನು ಕಲಿಯಲೇಬೇಕು. ಆದರೆ ಒಂದು ಮಾತನ್ನು ಕಲಿಯಲು ಇನ್ನೊಂದನ್ನು ಚೆಲ್ಲಬೇಕಾಗಿಲ್ಲ. ಹೀಗೆ ಬರೆಯುವ ನಾವೂ ಅಧ್ಯಾಪಕರ ಕೊಠಡಿಯಲ್ಲಿ ಬೆರಕೆ ಮಾತನ್ನೇ ಆಡುತ್ತೇವೆಂಬುದನ್ನು ಆ ರಾತ್ರಿ ಮನೆಗೆ ಹಿಂದಿರುಗುವಾಗ ನಾಚಿಕೆಯಿಂದ ನೆನೆದೆವು.

ಆದುದರಿಂದ ಒಂದು ಚಿಕ್ಕ ಕೆಲಸವನ್ನು ಕೈಗೊಂಡಿದ್ದೇವೆ. ವೇಷ, ಕುಣಿತಗಳಿಲ್ಲದೆ ಕುಳಿತಲ್ಲಿಯೇ ಅರ್ಥ ಹೇಳುವ ಪ್ರಕಾರಕ್ಕೆ ತಾಳಮದ್ದಳೆಯೆಂದು ಹೆಸರು. ಅದಕ್ಕೆ ಕಿರೀಟ ಬೇಡ, ಬಣ್ಣ ಬೇಡ, ಬಾಡಿಗೆಯ ಸಭಾಗೃಹವೂ ಬೇಡ. ಹಾಡುವವರೊಬ್ಬರು, ಮದ್ದಳೆಯವರೊಬ್ಬರು, ನಾಲ್ಕು ಬೆಂಚುಗಳು ಸಾಕು. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳು ಅಭಿಮನ್ಯು ಸುಭದ್ರೆಯರ ಸಂವಾದವನ್ನು ಅಭ್ಯಾಸ ಮಾಡುತ್ತಿದ್ದಾರೆ. ಸುಭದ್ರೆಯ ಅರ್ಥವನ್ನು ಆ ಪುಸ್ತಕದ ಹುಡುಗಿಯೇ ಹೇಳುತ್ತಾಳೆ. ಅಭಿಮನ್ಯುವಿನ ಅರ್ಥ, ಸೇತುವೆಯ ಮೇಲೆ ಪ್ರಶ್ನೆ ಕೇಳಿದ ಹುಡುಗನದು.

ಆ ಹುಡುಗನನ್ನು ಬರುವ ಜೂನ್ ತಿಂಗಳಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಲು ಮನೆಯವರು ನಿಶ್ಚಯಿಸಿದ್ದಾರೆ. ಮಗನ ಏಳಿಗೆಯನ್ನು ಬಯಸುವವರನ್ನು ದೂರುವುದು ನಮ್ಮ ಕೆಲಸವಲ್ಲ. ಮೊನ್ನೆ ಅಭ್ಯಾಸ ಮುಗಿದ ಮೇಲೆ ಅವನು ಹಿಂದೆ ಉಳಿದು, “ಸರ್, ಆ ದಿನದ ಪ್ರಶ್ನೆಗೆ ಉತ್ತರ ಸಿಕ್ಕಿತು. ಯಕ್ಷಗಾನವೆಂದರೆ ಮಾತು. ಹಾಡೂ ಕುಣಿತವೂ ಮಾತಿಗೆ ದಾರಿ ಬಿಡುತ್ತವೆ” ಎಂದನು. ಸ್ವಲ್ಪ ತಡೆದು, “ಜೂನ್ ಆದ ಮೇಲೂ ಶನಿವಾರ ಬರಬಹುದೇ?” ಎಂದು ಕೇಳಿದನು.

ಬರಬಹುದು, ಮಗು. ಶನಿವಾರಗಳಂದು ಶಾಲೆಯ ಬಾಗಿಲು ತೆರೆದೇ ಇರುತ್ತದೆ.