ಪ್ರಾರ್ಥನೆಗೆ ಮಾತು ಬರ್ತಿಲ್ಲ ಅಂದ್ರೆ ಭಕ್ತಿ ಬೆಳೆದಿಲ್ಲ ಅಂತಾನಾ?

ಇವತ್ತಿನ ಮಾತು ಒಂದು ಸಣ್ಣ ಭಯದ ಬಗ್ಗೆ. ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ಚರ್ಚ್‌ಗೆ ಹೋಗೋ ಹುಡುಗ ಹುಡುಗಿಯರಿಗೆ ಇದು ಚೆನ್ನಾಗಿ ಗೊತ್ತು.

ಯಾರದೋ ಮನೇಲಿ ಸಂಜೆ ಪ್ರಾರ್ಥನಾ ಕೂಟ. ಹಾಡು ಮುಗೀತು. ಅಯ್ಯನವರು ಕಣ್ಣು ಮುಚ್ಚಿಕೊಂಡೇ, "ಈಗ ತಂಗಿ ಪ್ರಾರ್ಥನೆ ನಡೆಸ್ತಾಳೆ" ಅಂದುಬಿಡ್ತಾರೆ. ತಂಗಿಗೆ ಬಾಯಿ ಒಣಗುತ್ತೆ. ಹೋದ ವಾರ ಅಂಕಲ್ ಒಬ್ಬರು ಹತ್ತು ನಿಮಿಷ ನಿಲ್ಲಿಸದೆ ಪ್ರಾರ್ಥಿಸಿದ್ದರು. ಇವಳಿಗೆ ಮೂರು ವಾಕ್ಯ ಹೊರಡಲ್ಲ. ಮುಂದಿನ ವಾರ ಹೊಟ್ಟೆನೋವು ಅಂತ ಮನೇಲೇ ಉಳೀತಾಳೆ.

ಇಲ್ಲಿ ಭಾಷೆಯ ಸಂಗತಿಯೂ ಇದೆ. ಆಂಧ್ರದ ಗಡಿಗೆ ಅಂಟಿಕೊಂಡ ಜಿಲ್ಲೆ ಇದು. ಗೌರಿಬಿದನೂರು ದಾಟಿದರೆ ಹಿಂದೂಪುರ. ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು, ಶಾಲೇಲಿ ಕನ್ನಡ. ಚರ್ಚಿನ ಕನ್ನಡವೋ ಇನ್ನೂ ಬೇರೆ: ಕರ್ತನು, ಕೃಪಾಸನ, ಸ್ತೋತ್ರಗಳು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಮಾಡಿದ ಕೆಲಸದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅಲ್ಲಿಂದ ಬೆಳೆದುಬಂದ ಈ ಭಾಷೆಗೆ ಅದರದ್ದೇ ಗಾಂಭೀರ್ಯ ಇದೆ, ನನಗೂ ಇಷ್ಟ. ಆದರೆ ಜ್ವರ ಬಂದ ರಾತ್ರಿ ಯಾರೂ ಆ ಭಾಷೇಲಿ ನರಳಲ್ಲ.

ಈಗ ಬೈಬಲ್ ಏನು ಮಾಡುತ್ತೆ ನೋಡಿ. ಹೊಸ ಒಡಂಬಡಿಕೆ ಬರೆದಿರೋದು ಗ್ರೀಕ್‌ನಲ್ಲಿ. ಯೇಸು ಆಡ್ತಿದ್ದದ್ದು ಅರಮಾಯಿಕ್. ಗೆತ್ಸೇಮನೆ ತೋಟದಲ್ಲಿ, ಸಾವಿನ ಹಿಂದಿನ ರಾತ್ರಿ, ಅವನು ದೇವರನ್ನ ಕರೆದ ಪದವನ್ನ ಮಾರ್ಕ ಅನುವಾದಿಸಿದ್ದಾನೆ, ಆದರೆ ಮೂಲ ಪದವನ್ನೂ ಹಾಗೇ ಉಳಿಸಿದ್ದಾನೆ: 'ಅಬ್ಬಾ'. ಪೌಲನೂ ರೋಮ್ ಮತ್ತು ಗಲಾತ್ಯದವರಿಗೆ ಬರೆಯುವಾಗ ಅದನ್ನೇ ಬಿಡಲಿಲ್ಲ. (ಕನ್ನಡದಲ್ಲಿ ಅಬ್ಬಾ ಅಂದ್ರೆ ಬೇರೇನೇ ಆಗುತ್ತೆ, ನಗಬೇಡಿ.) ಅದು ಮನೇಲಿ ಅಪ್ಪನನ್ನ ಕರೆಯೋ ಪದ. ನಮ್ಮ ಕಡೆ ಅದು ಅಪ್ಪಾ, ಇಲ್ಲಾ ನಾಯ್ನಾ.

ಅದೇ ರೋಮಾಪುರದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಇನ್ನೂ ಮುಂದೆ ಹೋಗ್ತಾನೆ. ಹೇಗೆ ಪ್ರಾರ್ಥಿಸಬೇಕು ಅಂತ ನಮಗೆ ಗೊತ್ತಿಲ್ಲ, ಮಾತಿಲ್ಲದ ನರಳಾಟದಲ್ಲಿ ಪವಿತ್ರಾತ್ಮನೇ ನಮ್ಮ ಪರವಾಗಿ ಬೇಡ್ತಾನೆ ಅನ್ನೋದು ಅವನ ಮಾತು. 'ನಿಮಗೆ ಗೊತ್ತಿಲ್ಲ' ಅನ್ನಲಿಲ್ಲ, 'ನಮಗೆ' ಅಂದ. ಅಪೊಸ್ತಲನೇ ಹಾಗಂದ ಮೇಲೆ ತಂಗಿ ಯಾಕೆ ನಾಚಬೇಕು?

ಹಾಗಾದ್ರೆ ಬೆಳವಣಿಗೆ ಅನ್ನೋದನ್ನ ಎಲ್ಲಿ ನೋಡೋದು? ಗಲಾತ್ಯ 5ರಲ್ಲಿ ಆತ್ಮದ ಫಲ ಅಂತ ಪಟ್ಟಿ ಇದೆ: ಪ್ರೀತಿ, ತಾಳ್ಮೆ, ದಯೆ, ಹೀಗೆ. ವಾಕ್ಚಾತುರ್ಯ ಅದರಲ್ಲಿ ಇಲ್ಲ. ಯಾಕೋಬನ ಪತ್ರವಂತೂ ಖಾರ: ಕೊಯ್ಲು ಮಾಡಿದವರ ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ದೇವರಿಗೆ ಕೂಗಿ ಹೇಳುತ್ತೆ ಅಂತಾನೆ. ಟೊಮೆಟೊ ಬಿಡಿಸೋಕೆ ಬಂದವರಿಗೆ ದುಡ್ಡು ಬಾಕಿ ಇಟ್ಟು ಭಾನುವಾರ ಹತ್ತು ನಿಮಿಷ ಪ್ರಾರ್ಥಿಸಿದರೆ, ಮೇಲಕ್ಕೆ ಮೊದಲು ಮುಟ್ಟೋದು ಯಾವ ಕೂಗು?

ಇನ್ನು, ಒಳಗೆ ಏನೂ ಆಗ್ತಿಲ್ಲ, ಎಲ್ಲಾ ಒಣಗಿದೆ ಅನ್ನಿಸೋ ತಿಂಗಳುಗಳೂ ಇರ್ತವೆ. ಶಿಡ್ಲಘಟ್ಟದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳ ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟಲ್ಲ, ತಲೆ ಎತ್ತಿಕೊಂಡು ಸುಮ್ಮನಿರುತ್ತೆ. ಸಾಕೋರು ಗಾಬರಿಯಾಗಲ್ಲ, ಸೊಪ್ಪೂ ಹಾಕಲ್ಲ. ಹಳೇ ಚರ್ಮ ಕಳಚಿಕೊಂಡು ಎದ್ದಾಗ ಹುಳ ದೊಡ್ಡದಾಗಿರುತ್ತೆ. ಗೂಡು ಕಟ್ಟೋ ಮುಂಚೆ ಹೀಗೆ ನಾಲ್ಕು ಸಲ. ಮಾರ್ಕ 4ರಲ್ಲಿ ಯೇಸು ಹೇಳೋ ರೈತನೂ ಬೀಜ ಬಿತ್ತಿ ಮಲಗ್ತಾನೆ, ಏಳ್ತಾನೆ. ಅದು ಹೇಗೆ ಬೆಳೀತು ಅಂತ ಅವನಿಗೇ ಗೊತ್ತಾಗಲ್ಲ.

ಪ್ರಾರ್ಥನಾ ಕೂಟ ನಡೆಸೋ ಅಣ್ಣ ಅಕ್ಕಂದಿರಿಗೆ ನನ್ನದೊಂದು ಕೋರಿಕೆ. ಹೆಸರು ಹಿಡಿದು ಕರೆಯೋ ಮೊದಲು ಒಮ್ಮೆ ಕೇಳಿ. ಎರಡು ನಿಮಿಷ ಎಲ್ಲರೂ ಸುಮ್ಮನೆ ಕೂತರೂ ಅದು ಪ್ರಾರ್ಥನೆಯೇ. ತಂಗಿ, ಮುಂದಿನ ಸಲ ನಿನ್ನ ಸರದಿ ಬಂದ್ರೆ ಮನೆ ತೆಲುಗಲ್ಲೇ ಒಂದು ಸಾಲು ಹೇಳು. 'ನಾಯ್ನಾ, ನಾಕು ಭಯಂಗಾ ಉಂದಿ' ಅಂದ್ರೂ ಸಾಕು, ಆಮೇಲೆ ಆಮೆನ್.